ಬಟ್ಟಲು ನಮ್ಮದು, ಹೊಟ್ಟೆ ಅವರದು

(ಉಡುಪಿಯ ಶಿಶುವಿಹಾರವೊಂದರಲ್ಲಿ ಹೆತ್ತವರ ಮುಂದೆ ಆಹಾರ ತಜ್ಞೆಯಾಗಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಜ್ಜ ಅಜ್ಜಿಯರೂ ಬಂದಿದ್ದೀರಿ, ಬಹಳ ಸಂತೋಷ. ನಿಜ ಹೇಳಬೇಕೆಂದರೆ ಇವತ್ತಿನ ವಿಷಯ ಅಪ್ಪ ಅಮ್ಮನಿಗಿಂತ ನಿಮಗೇ ಜಾಸ್ತಿ ಸೇರಿದ್ದು. ಮಧ್ಯಾಹ್ನ ಬಟ್ಟಲು ಹಿಡಿದುಕೊಂಡು ಮಗುವಿನ ಹಿಂದೆ ಅಂಗಳ ಸುತ್ತುವವರು ನೀವೇ ತಾನೆ?

ನಮ್ಮಲ್ಲಿಗೆ ಬರುವ ಅಮ್ಮಂದಿರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಇವ ಎಂತದೂ ತಿನ್ನುವುದಿಲ್ಲ ಮೇಡಂ." ಹೇಳುವಾಗ ಆಕೆಯ ಮುಖ ನೋಡಬೇಕು, ಸೋತು ಸುಣ್ಣವಾಗಿರುತ್ತಾಳೆ. ಆ ಎಂತದೂ ತಿನ್ನದ ಹುಡುಗ ಮಾತ್ರ ಅಷ್ಟರಲ್ಲಿ ನನ್ನ ಮೇಜಿನ ಕೆಳಗೆ ನುಗ್ಗಿ, ಆ ಕಡೆಯಿಂದ ಎದ್ದು, ಫ್ಯಾನಿನ ಸ್ವಿಚ್ ಒತ್ತಿ ಆಗಿರುತ್ತದೆ. ಎಂತದೂ ತಿನ್ನದೆ ಇಷ್ಟು ಚುರುಕು ಎಲ್ಲಿಂದ ಬಂತು?

ಹಾಗಾಗಿ ನಾನು ಟಾನಿಕ್ಕಿನ ಮಾತಿಗೆ ಮೊದಲು ಹೋಗುವುದಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎನ್ನುತ್ತೇನೆ. ಮೂರು ವರ್ಷದ ಹುಡುಗನೊಬ್ಬನ ದಿನ ಹೀಗಿತ್ತು. ಬೆಳಗ್ಗೆ ಏಳಕ್ಕೆ ದೊಡ್ಡ ಲೋಟ ಹಾಲು, ಅದಕ್ಕೆ ಎರಡು ಚಮಚ ಚಾಕೊಲೇಟ್ ಪುಡಿ, ಮೇಲಿಂದ ಸಕ್ಕರೆ. ಎಂಟೂವರೆಗೆ ನೀರುದೋಸೆ. ಒಂದು ತುಂಡು ಬಾಯಿಗೆ ಹಾಕಿ ಉಗಿದ. ಪಾಪ, ಹಸಿವಾಗುತ್ತದೆ ಎಂದು ಒಂಬತ್ತಕ್ಕೆ ನಾಲ್ಕು ಬಿಸ್ಕಿಟ್. ಹತ್ತೂವರೆಗೆ ಅಜ್ಜನ ಜೊತೆ ಅಂಗಡಿಗೆ ಹೋದಾಗ ಐದು ರೂಪಾಯಿಯ ಚಿಪ್ಸ್. ಹನ್ನೆರಡೂವರೆಗೆ ಅನ್ನ, ಸಾರು, ಅಲಸಂಡೆ ಪಲ್ಯ. ಮೊಬೈಲ್ ಇಟ್ಟು ಮುಕ್ಕಾಲು ಗಂಟೆ ಗುದ್ದಾಡಿದರೂ ಆರೇ ತುತ್ತು. ಮಲಗುವ ಮೊದಲು ಮತ್ತೆ ಹಾಲು, ಈ ಸಲ ಬಾಟಲಿಯಲ್ಲಿ. ನಾಲ್ಕಕ್ಕೆ ಚಹಾದಲ್ಲಿ ಅದ್ದಿದ ರಸ್ಕ್. ಸಂಜೆ ಅಪ್ಪ ಪೇಟೆಯಿಂದ ಬನ್ಸ್ ತಂದರು, ಅದರಲ್ಲಿ ಅರ್ಧ. ರಾತ್ರಿ ಗಂಜಿ ಎಂದರೆ ಬೇಡವೇ ಬೇಡ. ಖಾಲಿ ಹೊಟ್ಟೆಯಲ್ಲಿ ಮಲಗಬಾರದು ಎಂದು ಒಂಬತ್ತೂವರೆಗೆ ಇನ್ನೊಂದು ಲೋಟ ಹಾಲು.

ಈಗ ಲೆಕ್ಕ ಹಾಕಿ. ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು ಸಾವಿರ, ಸಾವಿರದ ನೂರು ಕ್ಯಾಲೊರಿ. ಮೂರು ಲೋಟ ಹಾಲು, ಸಕ್ಕರೆ, ಪುಡಿ ಸೇರಿ ಅದರ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಬಿಸ್ಕಿಟ್, ಚಿಪ್ಸ್, ರಸ್ಕ್, ಬನ್ಸ್ ತುಂಬಿಸಿದವು. ಆ ಹುಡುಗ ಹೊಟ್ಟೆ ತುಂಬಾ ತಿಂದಿದ್ದಾನೆ. ಊಟದ ಹೊತ್ತಿಗೆ ಮಾತ್ರ ಹಸಿದಿಲ್ಲ. ನೀವೂ ನಾಳೆ ಒಂದು ದಿನ ಹೀಗೆ ಬರೆದು ನೋಡಿ. ಅಜ್ಜ ಅಂಗಡಿಯಲ್ಲಿ ಕೊಡಿಸಿದ್ದನ್ನೂ ಬರೆಯಿರಿ.

ಇನ್ನೊಂದು ವಿಷಯ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಹುಟ್ಟುವಾಗ ಮೂರು ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಒಂಬತ್ತು ಕಿಲೋ ಆಗುತ್ತದೆ. ಅಂದರೆ ಆರು ಕಿಲೋ ಏರಿತು. ಎರಡನೇ ವರ್ಷ ಏರುವುದು ಎರಡೂವರೆ ಕಿಲೋ ಇರಬಹುದು. ಆಮೇಲೆ ವರ್ಷಕ್ಕೆ ಎರಡು ಕಿಲೋ ಆಸುಪಾಸು. ಬೆಳೆಯುವ ವೇಗ ಇಷ್ಟು ಇಳಿದ ಮೇಲೆ ಹಸಿವು ಇಳಿಯದೆ ಇರುತ್ತದಾ? ಹತ್ತು ತಿಂಗಳಲ್ಲಿ ಬಟ್ಟಲು ತುಂಬಾ ರಾಗಿ ಮಣ್ಣಿ ತಿನ್ನುತ್ತಿದ್ದವ ಒಂದೂವರೆ ವರ್ಷಕ್ಕೆ ಅರ್ಧ ಬಟ್ಟಲಿಗೆ ಮುಖ ತಿರುಗಿಸಿದರೆ ನಾವು ಗಾಬರಿಯಾಗುತ್ತೇವೆ. ಕಣ್ಣು ತಾಗಿದೆ ಎಂದು ಉಪ್ಪು ಮೆಣಸು ನಿವಾಳಿಸುತ್ತೇವೆ. ನಿವಾಳಿಸಿ, ಬೇಡ ಎನ್ನುವುದಿಲ್ಲ. ಆದರೆ ಗಾಬರಿಯಲ್ಲಿ ಬಾಯಿಗೆ ತುರುಕಲು ಶುರು ಮಾಡುತ್ತೇವಲ್ಲ, ರಗಳೆ ಹುಟ್ಟುವುದು ಅಲ್ಲಿ.

ಇದೇ ಹೊತ್ತಿಗೆ ಇನ್ನೊಂದೂ ಬರುತ್ತದೆ. ಎರಡರಿಂದ ಆರು ವರ್ಷದ ನಡುವೆ ಮಕ್ಕಳಿಗೆ ಹೊಸ ತಿನಿಸೆಂದರೆ ಅನುಮಾನ. ಹಸಿರು ಕಂಡರೆ ದೂರ, ಪಲ್ಯ ಅನ್ನಕ್ಕೆ ತಾಗಿದರೆ ಬಟ್ಟಲೇ ಬೇಡ. ನಡೆಯಲು ಕಲಿತ ಮಗು ಸಿಕ್ಕಿದ ಎಲೆ, ಕಾಯಿ ಎಲ್ಲ ಬಾಯಿಗೆ ಹಾಕಿದರೆ ಅಪಾಯ ತಾನೆ? ಅದಕ್ಕೇ ಈ ಅನುಮಾನ ಹುಟ್ಟಿಕೊಂಡಿರಬೇಕು ಎಂದು ಬಲ್ಲವರು ಹೇಳುತ್ತಾರೆ. ಕೆಲವು ಮಕ್ಕಳಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ, ಒಂದೇ ಮನೆಯ ಅಣ್ಣ ತಂಗಿಯಲ್ಲೂ ವ್ಯತ್ಯಾಸ. ಇದರಲ್ಲಿ ಅಮ್ಮನ ತಪ್ಪು ಹುಡುಕುವ ಚಾಳಿ ನಮ್ಮಲ್ಲಿದೆ. ಅದನ್ನೊಂದು ದಯವಿಟ್ಟು ನಿಲ್ಲಿಸಿ.

ಹಾಗಾದರೆ ಮಾಡುವುದೆಂತ? ಅಮೆರಿಕದ ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ ಒಂದು ಸರಳ ಹಂಚಿಕೆ ಮಾಡಿಕೊಟ್ಟಿದ್ದಾರೆ. ಎಂತ ಬಡಿಸಬೇಕು, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಈ ಮೂರು ದೊಡ್ಡವರ ಕೆಲಸ. ಅದರಲ್ಲಿ ಎಷ್ಟು ತಿನ್ನಬೇಕು, ತಿನ್ನಬೇಕಾ ಬೇಡವಾ, ಇದು ಮಗುವಿನ ಕೆಲಸ. ನಾವು ಇದನ್ನು ಪೂರಾ ಉಲ್ಟಾ ಮಾಡಿಕೊಂಡಿದ್ದೇವೆ. ಎಂತ ಬೇಕು ಪುಟ್ಟಾ, ಮ್ಯಾಗಿ ಮಾಡ್ಲಾ, ದೋಸೆ ಮಾಡ್ಲಾ ಎಂದು ಮಗುವನ್ನು ಕೇಳುತ್ತೇವೆ. ಎಷ್ಟು ತಿನ್ನಬೇಕು ಎಂಬುದನ್ನು ಮಾತ್ರ ನಾವು ಹಟ ಹಿಡಿದು ತೀರ್ಮಾನಿಸುತ್ತೇವೆ.

"ಎಷ್ಟು ಎಂಬುದು ಮಗುವಿಗೆ ಗೊತ್ತಾಗ್ತದಾ?" ಅಂತ ನೀವು ಕೇಳಬಹುದು. ಇದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ 1920ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಆಗಷ್ಟೇ ಎದೆಹಾಲು ಬಿಟ್ಟ ಹದಿನೈದು ಮಕ್ಕಳು. 34 ಬಗೆಯ ಆಹಾರ. ಹಾಲು, ಮೊಟ್ಟೆ, ಮಾಂಸ, ಮೀನು, ಧಾನ್ಯ, ತರಕಾರಿ, ಹಣ್ಣು, ಎಲ್ಲವೂ ಬೇರೆ ಬೇರೆ ಬಟ್ಟಲಲ್ಲಿ. ನರ್ಸ್ ಚಮಚ ಹಿಡಿದು ಸುಮ್ಮನೆ ಕೂರಬೇಕು. ಮಗು ಯಾವುದಕ್ಕೆ ಕೈ ಚಾಚುತ್ತದೋ ಅದನ್ನಷ್ಟೇ ಕೊಡಬೇಕು. ಇದು ತಿನ್ನು, ಅದು ಬೇಡ ಎನ್ನುವಂತಿಲ್ಲ. ಮಕ್ಕಳು ತಿಂದ ರೀತಿ ವಿಚಿತ್ರವಾಗಿತ್ತು, ಒಬ್ಬೊಬ್ಬರದು ಒಂದೊಂದು ದಾರಿ. ಆದರೆ ಎಲ್ಲರೂ ಚೆನ್ನಾಗಿ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಇದ್ದ ಒಂದು ಮಗು ಕಾಡ್ ಮೀನಿನ ಲಿವರ್ ಎಣ್ಣೆಯನ್ನು ತಾನಾಗಿ ಕುಡಿದು, ರೋಗ ವಾಸಿಯಾದ ಮೇಲೆ ಬಿಟ್ಟಿತಂತೆ.

ಇದನ್ನು ಹೇಳಿ ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಮಗು ಕೇಳಿದ್ದೆಲ್ಲ ಕೊಟ್ಟುಬಿಡಿ, ಅದಕ್ಕೇ ಗೊತ್ತು ಎನ್ನುತ್ತಾರೆ. ಅದು ಅರ್ಧ ಸತ್ಯ. ಆ 34ರ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕಿಟ್ ಇರಲಿಲ್ಲ, ಕರಿದದ್ದು ಇರಲಿಲ್ಲ. ಗುಟ್ಟು ಪಟ್ಟಿಯಲ್ಲೇ ಇತ್ತು ಎಂದು ಡೇವಿಸ್ ಅವರೇ 1939ರಲ್ಲಿ ಬರೆದಿದ್ದಾರೆ. ಪಟ್ಟಿ ದೊಡ್ಡವರದು, ಆಯ್ಕೆ ಮಕ್ಕಳದು. ಮನೆಯ ಡಬ್ಬದಲ್ಲಿ ಚಿಪ್ಸ್ ಇಟ್ಟುಕೊಂಡು ಮಗುವಿಗೆ ಆಯ್ಕೆ ಕೊಟ್ಟರೆ ಯಾವ ಮಗು ತೊಂಡೆಕಾಯಿಗೆ ಕೈ ಚಾಚುತ್ತದೆ ಹೇಳಿ!

ನಮ್ಮ ಕರಾವಳಿಯ ಅಡುಗೆಮನೆಗೆ ಪಟ್ಟಿ ಮಾಡುವುದು ಕಷ್ಟವೇ ಅಲ್ಲ. ಕುಚ್ಚಲಕ್ಕಿ ಗಂಜಿ, ಹೆಸರುಬೇಳೆ ತೋವೆ, ಪುಂಡಿ, ಇಡ್ಲಿ, ನೀರುದೋಸೆ, ರಾಗಿ ಮಣ್ಣಿ, ಒಂದೆಲಗದ ತಂಬುಳಿ, ಹರಿವೆ, ಬಸಳೆ, ನೇಂದ್ರ ಬಾಳೆಹಣ್ಣು. ತಿನ್ನುವವರಿಗೆ ಮೊಟ್ಟೆ, ಮೀನು. ಇದಕ್ಕೆ ಮೇಲೆ ಡಬ್ಬದ ಪುಡಿ ಏಕೆ ಬೇಕು ನನಗೆ ತಿಳಿಯದು. ಆನ್‌ಲೈನ್ ಅಂಗಡಿಗಳು ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಲ್ಲಿ ಇಡಬಾರದು ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವೇ ಹೇಳಿದೆ. ಡಬ್ಬದ ಹಿಂದೆ ಸಕ್ಕರೆ ಎಷ್ಟು ಎಂದು ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಒಮ್ಮೆ ಓದಿ.

ಹಾಲಿನ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಡವುವುದು ಹೆಚ್ಚಾಗಿ ಇಲ್ಲಿಯೇ. ಹಾಲು ಒಳ್ಳೆಯದೇ. ಆದರೆ ಒಂದು ವರ್ಷ ದಾಟಿದ ಮೇಲೆ ದಿನಕ್ಕೆ ನಾನೂರು, ಹೆಚ್ಚೆಂದರೆ ಐನೂರು ಮಿಲಿಲೀಟರ್ ಸಾಕು, ಮೊಸರು ಮಜ್ಜಿಗೆಯೂ ಅದರಲ್ಲೇ ಸೇರಿತು. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲಲ್ಲೇ ಹೊಟ್ಟೆ ತುಂಬಿದ ಮಗು ಬೇರೆ ತಿನ್ನುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ರಕ್ತ ಕಡಿಮೆಯಾದರೆ ಹಸಿವೂ ಕಡಿಮೆ. ತಿನ್ನುವುದಿಲ್ಲವಲ್ಲ ಎಂದು ನಾವು ಇನ್ನೊಂದು ಲೋಟ ಹಾಲು ಕುಡಿಸುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ಊಟದ ಜೊತೆ ಚಹಾ ಕೊಟ್ಟರೆ ಊಟದಲ್ಲಿದ್ದ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾಲ್ಕು ಗಂಟೆಯ ಚಹಾ ನಿಮಗೆ ಇರಲಿ. ಮಗುವಿಗೆ ಬೇಡ, ಬರೀ ರಸ್ಕ್ ಅದ್ದಲಿಕ್ಕೂ ಬೇಡ.

ಇನ್ನು ಹೊತ್ತಿನ ವಿಷಯ. ಬೆಳಗ್ಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ನಡುವೆ ಎರಡು ಸಣ್ಣ ತಿನಿಸು. ಒಂದಕ್ಕೂ ಇನ್ನೊಂದಕ್ಕೂ ಎರಡೂವರೆ ಮೂರು ಗಂಟೆ ಅಂತರ. ಆ ನಡುವೆ ನೀರು ಬಿಟ್ಟು ಬೇರೇನೂ ಇಲ್ಲ. ಇಷ್ಟನ್ನೇ ಎರಡು ವಾರ ಗಟ್ಟಿಯಾಗಿ ಹಿಡಿದರೆ ಅರ್ಧಕ್ಕರ್ಧ ಮನೆಗಳಲ್ಲಿ ಗಲಾಟೆ ತಣ್ಣಗಾಗುತ್ತದೆ. ಇದು ನನ್ನ ಅನುಭವದ ಮಾತು, ಪುಸ್ತಕದ್ದಲ್ಲ. ಮೊದಲ ನಾಲ್ಕೈದು ದಿನ ಅಳು ಇರುತ್ತದೆ. ಊಟ ಮುಟ್ಟದೆ ಎದ್ದು, ಹತ್ತೇ ನಿಮಿಷಕ್ಕೆ ಬಿಸ್ಕಿಟ್ ಕೇಳುತ್ತಾರೆ. "ಊಟ ಆಯ್ತಲ್ಲ ಪುಟ್ಟಾ, ಇನ್ನು ನಾಲ್ಕು ಗಂಟೆಗೆ" ಎಂದು ನಗುತ್ತಲೇ ಹೇಳಬೇಕು. ಬೈದು ಹೇಳಿದರೆ ಅದು ಶಿಕ್ಷೆಯಾಗುತ್ತದೆ. ಊಟಕ್ಕೆ ಇಪ್ಪತ್ತೈದು ಮೂವತ್ತು ನಿಮಿಷ ಸಾಕು. ಆಮೇಲೆ ಬಟ್ಟಲು ಎತ್ತಿಬಿಡಿ, ಎಷ್ಟೇ ಉಳಿದಿರಲಿ.

ಒತ್ತಾಯ ಮಾಡಿದರೆ ಎಂತ ಆಗುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಶಿಶುವಿಹಾರದ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದನ್ನು ಕುಡಿಯುವಾಗ "ಸೂಪ್ ಮುಗಿಸು" ಎಂದು ಮತ್ತೆ ಮತ್ತೆ ಹೇಳುವುದು, ಇನ್ನೊಂದಕ್ಕೆ ಬಾಯಿ ಮುಚ್ಚಿಕೊಂಡಿರುವುದು. ಮುಗಿಸು ಮುಗಿಸು ಎಂದದ್ದನ್ನು ಮಕ್ಕಳು ಕಡಿಮೆ ಕುಡಿದರು, ಅದನ್ನೇ ಜಾಸ್ತಿ ದೂರಿದರು. ಬಯ್ಯಲಿಲ್ಲ, ಹೊಡೆಯಲಿಲ್ಲ. ಬರೀ ಹೇಳಿದ್ದಕ್ಕೇ ಇಷ್ಟು. ಇನ್ನು ಗುಮ್ಮ ಬರ್ತಾನೆ, ಪೊಲೀಸ್ ಬರ್ತಾನೆ, ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ ಎಂದು ತಿನ್ನಿಸಿದ ತುತ್ತು ಹೇಗೆ ರುಚಿಸೀತು? ಮಕ್ಕಳು ನಮ್ಮನ್ನು ಕಂಡೊಡನೆ ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುವುದಕ್ಕೂ ಇದೇ ಕಾರಣ, ಗೊತ್ತಿರಲಿ.

ಆಮಿಷವೂ ಅಷ್ಟೇ. "ಪಲ್ಯ ತಿಂದರೆ ಐಸ್‌ಕ್ರೀಂ" ಎಂದ ಕೂಡಲೇ ಮಗುವಿಗೆ ಅರ್ಥವಾಗುವುದು ಒಂದೇ. ಪಲ್ಯ ಕಷ್ಟದ ಕೆಲಸ, ಐಸ್‌ಕ್ರೀಂ ಅದರ ಕೂಲಿ. ಲಿಯಾನ್ ಬರ್ಚ್ ಎಂಬ ಸಂಶೋಧಕಿ 1984ರಲ್ಲೇ ಇದನ್ನು ತೋರಿಸಿದ್ದರು. ಹೊಸದೊಂದು ಹುಳಿ ಹಾಲಿನ ಪಾನೀಯ ಕುಡಿದರೆ ಸಿನಿಮಾ ಎಂದು ಆಸೆ ತೋರಿಸಿದ ಮಕ್ಕಳಿಗೆ ಆಮೇಲೆ ಆ ಪಾನೀಯವೇ ಬೇಡವಾಯಿತು. ಆದರೆ ಇದಕ್ಕೊಂದು ಉಪಕಥೆಯೂ ಇದೆ. ಕಡಲೆಕಾಳಿನಷ್ಟು ತರಕಾರಿ ನಾಲಿಗೆಗೆ ತಾಗಿಸಿ ನೋಡಿದ್ದಕ್ಕೆ ಒಂದು ಸ್ಟಿಕ್ಕರ್ ಕೊಟ್ಟರೆ ಉಪಯೋಗವಾಗುತ್ತದೆ ಎಂದು ಲಂಡನ್ನಿನ ಸಂಶೋಧಕರು 2011ರಲ್ಲಿ ಕಂಡುಕೊಂಡರು. ಬಟ್ಟಲು ಖಾಲಿ ಮಾಡಿದ್ದಕ್ಕಲ್ಲ, ರುಚಿ ನೋಡಿದ್ದಕ್ಕೆ. ಬಹುಮಾನ ತಿನಿಸಲ್ಲ, ಸ್ಟಿಕ್ಕರ್. ತೀರಾ ಹಟದ ಮಕ್ಕಳಿಗೆ ನಾನೂ ಕೆಲವೊಮ್ಮೆ ಇದನ್ನು ಹೇಳುತ್ತೇನೆ.

ಹೊಸ ರುಚಿ ಮಗುವಿಗೆ ಒಗ್ಗಲು ಎಷ್ಟು ಸಲ ಬೇಕು? ಅದೇ ಬರ್ಚ್ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸು ಕೆಲವನ್ನು ಎರಡು ಸಲ, ಕೆಲವನ್ನು ಐದು, ಹತ್ತು, ಇಪ್ಪತ್ತು ಸಲ ರುಚಿ ತೋರಿಸಿದರು. ಹೆಚ್ಚು ಸಲ ರುಚಿ ನೋಡಿದ್ದನ್ನೇ ಮಕ್ಕಳು ಆಮೇಲೆ ಮೊದಲು ಆರಿಸಿಕೊಂಡರು. ಸಾಮಾನ್ಯವಾಗಿ ಎಂಟರಿಂದ ಹದಿನೈದು ಸಲ ಎನ್ನುತ್ತಾರೆ. ನಾವು ಮೂರು ಸಲಕ್ಕೇ "ಇವನಿಗೆ ಅದು ಆಗುವುದಿಲ್ಲ" ಎಂದು ಷರಾ ಬರೆದುಬಿಡುತ್ತೇವೆ, ಅದೂ ಅವನ ಎದುರೇ.

ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ನಮ್ಮ ಅಡುಗೆ ಮಳೆ ಬಿಸಿಲು ನೋಡಿಕೊಂಡು ಬದಲಾಗುತ್ತದೆ. ಕೆಸುವಿನ ಎಲೆಯ ಪತ್ರೊಡೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟ್ ಹೊತ್ತಿಗೆ, ಆಮೇಲೆ ಮುಂದಿನ ವರ್ಷವೇ. ತಜಂಕ್ ಸೊಪ್ಪೂ ಹಾಗೆ, ಮಳೆಗಾಲದ್ದು. ಜೂನ್ ಜುಲೈಯಲ್ಲಿ ಮೀನುಗಾರಿಕೆಗೆ ರಜೆ, ಹಸಿ ಮೀನು ಅಪರೂಪ, ಒಣಮೀನೇ ಗತಿ. ಹೀಗಿರುವಾಗ ಎರಡು ವರ್ಷದ ಮಗು ಪತ್ರೊಡೆ ಉಗಿದರೆ ಬೇಸರ ಮಾಡಿಕೊಳ್ಳಬೇಡಿ. ಹತ್ತು ಸಲ ರುಚಿ ನೋಡುವ ಹೊತ್ತಿಗೆ ಅದಕ್ಕೆ ಎಷ್ಟು ವರ್ಷವಾಗುತ್ತದೋ! ಅಭ್ಯಾಸ ಮಾಡಿಸಲು ವರ್ಷವಿಡೀ ಸಿಗುವುದನ್ನು ಹಿಡಿಯಿರಿ: ತೊಂಡೆಕಾಯಿ, ಅಲಸಂಡೆ, ಹರಿವೆ, ಬಸಳೆ, ಸಿಹಿಕುಂಬಳ. ವಾರಕ್ಕೆ ಎರಡು ಸಲ ಒಂದೇ ತರಕಾರಿ, ಸ್ವಲ್ಪವೇ ಸ್ವಲ್ಪ. ಜೊತೆಗೆ ಬಟ್ಟಲಲ್ಲಿ ಮಗುವಿಗೆ ಗೊತ್ತಿರುವ, ತಿನ್ನುವ ಒಂದು ಪದಾರ್ಥ ಇರಲೇಬೇಕು, ಅನ್ನವೋ ಮೊಸರೋ. ಬರೀ ಅಪರಿಚಿತರೇ ಕೂತ ಬಟ್ಟಲಿಗೆ ಯಾವ ಮಗುವೂ ಕೈ ಹಾಕುವುದಿಲ್ಲ.

ಬ್ರಹ್ಮಾವರ ಕಡೆಯ ಒಂದು ಮನೆಯ ಕತೆ ಹೇಳುತ್ತೇನೆ. ಎರಡೂವರೆ ವರ್ಷದ ಹುಡುಗಿ, ಬಸಳೆ ಎಂದರೆ ಆಗದು, ಲೋಳೆ ಲೋಳೆ ಅಂತ. ಮನೆಯ ಹಿಂದೆ ಬಾವಿಯ ಹತ್ತಿರ ಬಸಳೆ ಚಪ್ಪರ ಇತ್ತು. ಊಟದ ಹೊತ್ತಿನಲ್ಲಿ ಬಸಳೆಯ ಸುದ್ದಿಯೇ ಎತ್ತಬೇಡಿ, ಬೆಳಗ್ಗೆ ಅಜ್ಜಿ ಸೊಪ್ಪು ಕೊಯ್ಯುವಾಗ ಮಗುವೂ ಜೊತೆಗಿರಲಿ ಎಂದಿದ್ದೆ. ಹುಡುಗಿಗೆ ಮೊದಲು ಕಂಡದ್ದು ಬಸಳೆಯ ಹಣ್ಣು. ಹಿಚುಕಿದರೆ ಕೈಯೆಲ್ಲ ನೇರಳೆ ಬಣ್ಣ. ಅಂಗಿಯೂ ನೇರಳೆ, ಅಮ್ಮನಿಗೆ ಸಿಟ್ಟು, ಅಜ್ಜಿಗೆ ನಗು. ಆಮೇಲೆ ದಂಟು ಮುರಿಯುವ ಕೆಲಸ ಅವಳಿಗೇ ಬಂತು. ಟಕ್ ಎಂದು ಮುರಿದು ಪಾತ್ರೆಗೆ ಹಾಕುವುದು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಬದಿಗೆ ಖಾರ ಕಡಿಮೆ ಮಾಡಿದ ಕೊದ್ದೆಲಿನಿಂದ (ನಮ್ಮ ಕಡೆಯ ಸಾಂಬಾರು) ತೆಗೆದ ಒಂದೇ ಒಂದು ದಂಟಿನ ತುಂಡು. ಯಾರೂ ಮಾತಾಡಲಿಲ್ಲ. ಅವಳು ಅದನ್ನು ಎತ್ತಿ ನೋಡಿದಳು, ಇಟ್ಟಳು. ಮುಂದಿನ ಸಲ ಚೀಪಿ ಉಗಿದಳು. ಉಗಿದದ್ದಕ್ಕೂ ಯಾರೂ ಏನೂ ಹೇಳಲಿಲ್ಲ, ಅಜ್ಜಿಗೆ ಬಾಯಿ ಕಟ್ಟಿಕೊಳ್ಳುವುದು ಬಹಳ ಕಷ್ಟವಾಯಿತಂತೆ. ಈಗ ಆ ಹುಡುಗಿ ದಂಟು ಜಗಿದು ರಸ ನುಂಗಿ ನಾರು ಬಟ್ಟಲ ಬದಿಗೆ ಇಡುತ್ತಾಳೆ, ಮನೆಯ ದೊಡ್ಡವರ ಹಾಗೆಯೇ. ಎಲೆ ಇನ್ನೂ ಮುಟ್ಟುವುದಿಲ್ಲ. ಇಷ್ಟಾದದ್ದೇ ದೊಡ್ಡದು. ಎಲೆಗೆ ಅವಸರವಿಲ್ಲ.

ಮೊಬೈಲ್ ಬಗ್ಗೆ ಹೇಳದಿದ್ದರೆ ಟೀಚರ್ ನನ್ನನ್ನು ಬಿಡುವುದಿಲ್ಲ. ಮೊಬೈಲ್ ನೋಡುವ ಮಗು ಬಾಯಿ ತೆರೆಯುತ್ತದೆ, ನಿಜ. ಆದರೆ ತಿಂದದ್ದು ಎಂತ ಎಂದು ಕೇಳಿ, ಗೊತ್ತಿರುವುದಿಲ್ಲ. ರುಚಿ ಕಲಿಯಲಿಲ್ಲ, ಹಸಿವೆಂದರೇನು, ಹೊಟ್ಟೆ ತುಂಬುವುದೆಂದರೇನು ಎಂಬುದೂ ಕಲಿಯಲಿಲ್ಲ. ಹಿಂದೆ ಚಂದಮಾಮ, ಕಾಗೆ ತೋರಿಸಿ ತಿನ್ನಿಸಿದ್ದೂ ಅದೇ ಅಲ್ವಾ ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ, ಸ್ವಲ್ಪ ಅದೇ ಜಾತಿ. ಆದರೆ ಕಾಗೆ ಹಾರಿ ಹೋಗುತ್ತದೆ, ಮಾತಾಡುವವರು ನಾವು. ಮೊಬೈಲ್ ಬಿಡಿಸುವಾಗ ಒಂದೇ ದಿನ ಎಲ್ಲ ಊಟಕ್ಕೂ ನಿಲ್ಲಿಸಬೇಡಿ. ಮನೆಯವರೆಲ್ಲ ಒಟ್ಟಿಗೆ ಕೂರುವ ರಾತ್ರಿ ಊಟದಿಂದ ಶುರು ಮಾಡಿ. ಆಗ ಅಪ್ಪನ ಮೊಬೈಲೂ ಕಪಾಟಿಗೆ ಹೋಗಬೇಕಾಗುತ್ತದೆ, ಅದನ್ನು ಮುಂಚೆಯೇ ಹೇಳಿಬಿಡುತ್ತೇನೆ.

ಮಿಕ್ಸಿಯದೂ ಒಂದು ಮಾತು. ಎರಡು ವರ್ಷದವರೆಗೂ ಗಂಜಿಯನ್ನು ಮಿಕ್ಸಿಗೆ ಹಾಕಿ ಕುಡಿಸುವ ಮನೆಗಳಿವೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದ ಅಧ್ಯಯನವೊಂದಿದೆ. ಗಟ್ಟಿ, ಮುದ್ದೆ ಮುದ್ದೆ ಆಹಾರವನ್ನು ಹತ್ತು ತಿಂಗಳು ಕಳೆದ ಮೇಲೆ ಶುರು ಮಾಡಿದ ಮಕ್ಕಳಲ್ಲಿ ಊಟದ ರಗಳೆ ಜಾಸ್ತಿ ಕಂಡುಬಂತು. ಆರು ತಿಂಗಳಿಗೆ ನುಣ್ಣನೆ ಮಣ್ಣಿ ಸರಿ. ಎಂಟು ಒಂಬತ್ತು ತಿಂಗಳಿಗೆ ಕೈಯಲ್ಲಿ ಹಿಸುಕಿದ ಅನ್ನ, ಬೆಂದ ಕುಂಬಳದ ತುಂಡು. ವರ್ಷಕ್ಕೆ ಮನೆಯ ಊಟವೇ. ಗಟ್ಟಿ ತಿನ್ನುವಾಗ ಮಗು ಒಮ್ಮೊಮ್ಮೆ ಓಕರಿಸಿ ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಅದು ಕಲಿಯುವ ರೀತಿ. ಸದ್ದೇ ಬಾರದೆ ಉಸಿರು ಕಟ್ಟಿದರೆ ಅದು ಬೇರೆ, ತುರ್ತು. ಹಾಗಾಗಿ ಇಡೀ ನೆಲಗಡಲೆ, ಇಡೀ ದ್ರಾಕ್ಷಿ, ಇಡೀ ಹಲಸಿನ ಬೀಜ, ಹಸಿ ಕ್ಯಾರೆಟ್ ತುಂಡು ಸಣ್ಣ ಮಕ್ಕಳಿಗೆ ಬೇಡವೇ ಬೇಡ. ತಿನ್ನುವಾಗ ಓಡಿಸಲೂ ಬೇಡಿ.

ಎಲ್ಲ ಹಟವೂ ಬರೀ ಹಟವಲ್ಲ. ತಾಯಿ ಕಾರ್ಡಿನ ತೂಕದ ಗೆರೆ ಏರದೆ ಅಡ್ಡವಾದರೆ, ಇಳಿದರೆ, ನುಂಗುವಾಗ ಪದೇ ಪದೇ ಕೆಮ್ಮು ಬಂದರೆ, ದಿನಾ ವಾಂತಿಯಾದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ, ಮುಖ ಬಿಳಚಿಕೊಂಡರೆ ಡಾಕ್ಟರಿಗೆ ತೋರಿಸಿ. ಮಲಬದ್ಧತೆ ಇದೆಯಾ ನೋಡಿ. ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುವ ಮಗುವಿಗೆ ಹಸಿವು ಹೇಗೆ ಬಂದೀತು? ಹುಳದ ಮಾತ್ರೆ ಅಂಗನವಾಡಿಯಲ್ಲಿ ಕೊಡುತ್ತಾರೆ, ತಪ್ಪಿಸಬೇಡಿ. ತಿನ್ನುವ ಪದಾರ್ಥಗಳೇ ಹತ್ತು ಹದಿನೈದಕ್ಕೆ ಇಳಿದು, ಅದರಲ್ಲೂ ಒಂದೊಂದೇ ಬಿಡುತ್ತಾ ಹೋದರೆ, ಜೊತೆಗೆ ಮಾತು ತಡವಾಗಿದ್ದರೆ ಕಾಯಬೇಡಿ. ತೀವ್ರವಾಗಿ ಆಹಾರ ದೂರ ಮಾಡುವುದನ್ನು 2013ರಿಂದ ಮನೋವೈದ್ಯರು ಒಂದು ಪ್ರತ್ಯೇಕ ತೊಂದರೆ ಎಂದೇ ಗುರುತಿಸಿದ್ದಾರೆ. ಅಂಥ ಮಗುವಿಗೆ "ಹಸಿದರೆ ತಾನೇ ತಿನ್ತದೆ" ಎಂಬ ಮಾತು ನಡೆಯುವುದಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬರು ಅಜ್ಜಿ ಎದ್ದು ಕೇಳಿದರು: "ನಾವು ಹೆದರಿಸಿ ಬೆದರಿಸಿಯೇ ತಿನ್ನಿಸಿದ್ದು. ನಮ್ಮ ಮಕ್ಕಳು ದೊಡ್ಡವರಾಗಲಿಲ್ವಾ?"

ಆದರು ಅಜ್ಜಿ, ಚೆನ್ನಾಗಿಯೇ ಆದರು. ಆದರೆ ನಿಮ್ಮ ಮನೆಯಲ್ಲಿ ಆಗ ಬಿಸ್ಕಿಟ್ ಡಬ್ಬ ಇತ್ತಾ? ಮಕ್ಕಳು ಗುಡ್ಡೆ ಗದ್ದೆ ಸುತ್ತಿ ಹಸಿದು ಬರುತ್ತಿದ್ದರು, ಇದ್ದದ್ದು ಒಂದೇ ಗಂಜಿ, ಕೂತದ್ದು ಏಳೆಂಟು ಮಕ್ಕಳು ಸಾಲಾಗಿ. ಪಕ್ಕದವ ತಿನ್ನುವುದನ್ನು ನೋಡಿಯೇ ಮಗು ತಿನ್ನುತ್ತದೆ. ಮನೆಯಲ್ಲಿ ಮುಟ್ಟದ ಸಾಂಬಾರನ್ನು ಇಲ್ಲಿ ಶಿಶುವಿಹಾರದಲ್ಲಿ ಕೇಳಿ ಹಾಕಿಸಿಕೊಳ್ಳುತ್ತಾರೆ, ಟೀಚರನ್ನೇ ಕೇಳಿ. ಹೆದರಿಕೆ ಒಂದು ಬಿಟ್ಟು ನಿಮ್ಮ ಕಾಲದ ಉಳಿದದ್ದೆಲ್ಲ ನಮಗೆ ಬೇಕು.

ಒಬ್ಬ ತಂದೆಯ ಪ್ರಶ್ನೆ ಹಸಿವಿನ ಸಿರಪ್ ಬಗ್ಗೆ. ಪಕ್ಕದ ಮನೆಯ ಮಗುವಿಗೆ ಅದರಿಂದ ಒಳ್ಳೆಯದಾಗಿದೆಯಂತೆ.

ಇಂಥ ಅನೇಕ ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಾಡಿನ್. ಅದು ಮೂಲದಲ್ಲಿ ಅಲರ್ಜಿಯ ಮದ್ದು, ಹಸಿವು ಹೆಚ್ಚಿಸುವುದು ಅದರ ಜೊತೆಗೆ ಬರುವ ಗುಣ. ನಿದ್ದೆಯೂ ಬರಿಸುತ್ತದೆ. ನಿಲ್ಲಿಸಿದ ಮೇಲೆ ಹಸಿವು ಸಾಮಾನ್ಯವಾಗಿ ಮೊದಲಿನಂತೆಯೇ. ಕೆಲವು ಮಕ್ಕಳಿಗೆ ಡಾಕ್ಟರ್ ಕಾರಣ ನೋಡಿ ಬರೆಯುತ್ತಾರೆ, ಅದು ಬೇರೆ. ಮೆಡಿಕಲ್‌ನಲ್ಲಿ ಕೇಳಿ ತರುವುದು ಬೇಡ ಮಾರಾಯ್ರೆ.

"ಮೀನು ಮುಳ್ಳಿನ ಹೆದರಿಕೆ. ಎಷ್ಟು ವರ್ಷಕ್ಕೆ ಕೊಡಬಹುದು?" ಇದು ಮಲ್ಪೆ ಕಡೆಯ ಒಬ್ಬ ಅಮ್ಮ ಕೇಳಿದ್ದು.

ಮುಳ್ಳು ತೆಗೆದರೆ ಆರು ತಿಂಗಳು ಕಳೆದ ಮೇಲೆ ಕೊಡಬಹುದು. ಕಾಣೆ ಮೀನು, ಅಂಜಲ್ ಮೀನು ಸುಲಭ, ಮುಳ್ಳು ಕಡಿಮೆ. ಬೂತಾಯಿ ಪೌಷ್ಟಿಕ, ಬೆಲೆಯೂ ಕಡಿಮೆ, ಆದರೆ ಸಣ್ಣ ಮುಳ್ಳು ಬಹಳ. ಬೆಳಕಿನಲ್ಲಿ ಕೂತು, ಬೆರಳಲ್ಲಿ ಹಿಸುಕಿ ನೋಡಿಯೇ ಹಾಕಬೇಕು. ಮಗುವಿನ ತುಂಡನ್ನು ಖಾರದ ಮಸಾಲೆ ಹಾಕುವ ಮೊದಲೇ ತೆಗೆದಿಡಿ, ಅರಶಿನ ಉಪ್ಪು ಸಾಕು.

ಕೊನೆಗೆ ಒಬ್ಬರು ಕೇಳಿದರು: "ಮನೆಯಲ್ಲಿ ಎಲ್ಲ ಸರಿ ಮಾಡ್ತೇವೆ ಮೇಡಂ. ಅಷ್ಟಮಿ, ಜಾತ್ರೆ, ಮದುವೆ ಬಂದರೆ ಎಲ್ಲ ಹಾಳಾಗ್ತದಲ್ವಾ?"

ಹಾಳಾಗುವುದಿಲ್ಲ. ಉಡುಪಿಯಲ್ಲಿ ಹುಟ್ಟಿದ ಮಗುವಿಗೆ ಅಷ್ಟಮಿಯ ಉಂಡೆ ಚಕ್ಕುಲಿ ಬೇಡ ಎನ್ನಲಿಕ್ಕೆ ನಾನು ಯಾರು? ತಿನ್ನಲಿ, ಹುಲಿವೇಷವನ್ನೂ ನೋಡಲಿ. ಗಟ್ಟಿ ಉಂಡೆಯನ್ನು ಸಣ್ಣವರಿಗೆ ಪುಡಿ ಮಾಡಿ ಕೊಡಿ. "ಒಂದೇ ಒಂದು" ಎಂದು ಹಿಂದೆ ನಿಂತು ಎಣಿಸಬೇಡಿ. ಮರುದಿನ ಬೆಳಗ್ಗೆ ಎಂಟಕ್ಕೆ ಎಂದಿನ ದೋಸೆ, ಹನ್ನೆರಡೂವರೆಗೆ ಎಂದಿನ ಊಟ. ಡಬ್ಬದಲ್ಲಿ ಉಳಿದ ಚಕ್ಕುಲಿ ನಾಲ್ಕು ಗಂಟೆಗೆ ಹೊರಗೆ ಬರಲಿ, ಮನೆಯವರಿಗೆಲ್ಲ ಒಂದೊಂದು, ಅಜ್ಜನಿಗೂ ಒಂದೇ.